ಡಿಎನ್‌ಎ ಉಂಡೆಯ ಜಗಳ

ನನಗೆ ಸುಮ್ಮಸುಮ್ಮನೆ ಸಿಟ್ಟು ಬರುವುದಿಲ್ಲ. ತಪ್ಪು ಮಾಡಿದವರನ್ನು ಕಂಡರೆ ಮಾತ್ರ ಬರುತ್ತದೆ. ನನ್ನ ಸುತ್ತ ಅಂಥವರೇ ತುಂಬಿದ್ದರೆ ನಾನೇನು ಮಾಡಲಿ!

ಜೀವಕೋಶದೊಳಗೆ ಡಿಎನ್‌ಎ ಎಳೆ ಹೇಗೆ ಮಡಚಿಕೊಂಡು ಕುಳಿತಿದೆ ಎಂದು ಕಂಪ್ಯೂಟರಿನಲ್ಲಿ ಕಂಡುಹಿಡಿಯುವುದು ನನ್ನ ಕೆಲಸ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಫೀಸು. ಎಳೆಯ ಯಾವ ತುಂಡು ಯಾವುದಕ್ಕೆ ತಾಗಿದೆ ಎಂದಷ್ಟೇ ಪ್ರಯೋಗಾಲಯದವರು ಹೇಳುತ್ತಾರೆ. ಅದರಿಂದ ಇಡೀ ಉಂಡೆಯ ಆಕಾರವನ್ನು ನಾವು ಕಟ್ಟಬೇಕು. ಮದುವೆ ಊಟದಲ್ಲಿ ಯಾರ ಪಕ್ಕ ಯಾರು ಕುಳಿತಿದ್ದರು ಎಂದು ಕೇಳಿಕೊಂಡು ಛತ್ರದ ನಕ್ಷೆ ಬರೆದಂತೆ.

ಒಂದೇ ಡೇಟಾವನ್ನು ನನಗೂ ಸಹೋದ್ಯೋಗಿ ಪ್ರಕಾಶನಿಗೂ ಕೊಟ್ಟರು. ಯಾರ ಆಕಾರ ಸರಿಯೋ ಅವರೇ ಹೊಸ ತಂಡದ ಮುಖ್ಯಸ್ಥರು. ನನ್ನದು ಒಂದು ಥರ ಬಂತು, ಅವನದು ಇನ್ನೊಂದು ಥರ. ನನ್ನದೇ ಸರಿ ಎಂಬುದರಲ್ಲಿ ಸಂಶಯವೇ ಇರಲಿಲ್ಲ, ಅದು ನನ್ನದಲ್ಲವೇ! ಪ್ರಕಾಶ ಕ್ಯಾಂಟೀನಿನಲ್ಲಿ ಏನೋ ವಿವರಿಸಲು ಬಂದ. ಬಾಯಿ ತೆರೆಯುವ ಮೊದಲೇ ದಬಾಯಿಸಿ ಕಳಿಸಿದೆ.

ಸಂಜೆ ಹೆಬ್ಬಗೋಡಿಯ ಮನೆಗೆ ಬಂದವನೇ, ಈ ಪ್ರಕಾಶನಿಗೆ ಲೆಕ್ಕವೂ ಬಾರದು, ವಿಜ್ಞಾನವೂ ಬಾರದು ಎಂದು ಇಡೀ ಕಂಪನಿಗೆ ಮೇಲ್ ಬರೆದೆ. ಹೆಂಡತಿ ಗಿರಿಜಾ ಇಣುಕಿ ನೋಡಿದಳು.

"ಸಿಟ್ಟಲ್ಲಿ ಕಳಿಸ್ಬೇಡ್ರೀ. ಬೆಳಿಗ್ಗೆ ಇನ್ನೊಂದ್ಸಲ ಓದಿ."

"ಬೆಳಿಗ್ಗೆ ಇಷ್ಟು ಸಿಟ್ಟು ಇರಲ್ಲ ಕಣೇ," ಎಂದು ಕಳಿಸಿಯೇಬಿಟ್ಟೆ.

ಅಷ್ಟಕ್ಕೇ ಬಿಟ್ಟೆನೇ? ಟ್ರಾಫಿಕ್ಕಿನಲ್ಲಿ ಸಿಕ್ಕವರನ್ನೆಲ್ಲ ಬೈದುಕೊಂಡು ಪೀಣ್ಯದವರೆಗೆ ಹೋಗಿ, ಎರಡೂ ಆಕಾರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ ತಂದೆ. ನನ್ನದು ಹಸಿರು, ಅವನದು ಕೆಂಪು. ತಪ್ಪಿಗೆ ಕೆಂಪೇ ಸರಿ!

ಮೀಟಿಂಗಿನಲ್ಲಿ ಎರಡನ್ನೂ ಮೇಜಿನ ಮೇಲೆ ಕುಕ್ಕಿದೆ. ತಿರುಗಿಸಿದೆ, ಮಗುಚಿದೆ, ಹೇಗೆ ಹಿಡಿದರೂ ಒಂದಕ್ಕೊಂದು ಹೊಂದಲಿಲ್ಲ. ಇನ್ನೇನು ಸಾಕ್ಷಿ ಬೇಕು ಎಂದು ಗುಡುಗಿದೆ. ನಮ್ಮ ಬಾಸ್ ಲತಾ ಮೇಡಂ ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು ಕೆಂಪು ಉಂಡೆಯ ಎದುರು ಹಿಡಿದರು. ಕನ್ನಡಿಯೊಳಗೆ ಇದ್ದದ್ದು ನನ್ನ ಉಂಡೆ. ಬಣ್ಣ ಮಾತ್ರ ಕೆಂಪು.

"ಯಾವುದು ಯಾವುದಕ್ಕೆ ಹತ್ರ ಅಂತ ಮಾತ್ರ ಡೇಟಾ ಹೇಳತ್ತೆ. ಎಡ ಯಾವ್ದು, ಬಲ ಯಾವ್ದು ಅಂತ ಹೇಳಲ್ಲ. ನಿಮಗೆ ಗೊತ್ತಿರ್ಲಿಲ್ವಾ?" ಎಂದರು.

ಗೊತ್ತಿತ್ತು! ಹೊಸಬರಿಗೆ ಈ ಪಾಠ ಹೇಳುವವನೇ ನಾನು. ಸಿಟ್ಟಿನಲ್ಲಿ ಹೊಳೆಯಲಿಲ್ಲ, ಅಷ್ಟೆ. ಪ್ರಕಾಶ ಕ್ಯಾಂಟೀನಿನಲ್ಲಿ ಹೇಳಲು ಬಂದದ್ದೂ ಇದನ್ನೇ. ಆಕಾರ ಇಬ್ಬರದೂ ಸರಿ ಇದ್ದುದರಿಂದ ಮೇಡಂ ನಮ್ಮ ನಡತೆ ನೋಡಿ ಆರಿಸಿದರು. ಪ್ರಕಾಶ ಮುಖ್ಯಸ್ಥನಾದ.

ಅವನು ನನಗೆ ವಹಿಸಿದ ಮೊದಲ ಕೆಲಸ, ಎರಡೂ ಉಂಡೆ ಸರಿ ಎಂದು ಇಡೀ ಕಂಪನಿಗೆ ಮೇಲ್ ಬರೆಯುವುದು. ಹಲ್ಲು ಕಚ್ಚಿಕೊಂಡು ಬರೆದು ತೋರಿಸಿದೆ. ಎರಡು ತಪ್ಪುಗಳಿಗೆ ಗುರುತು ಹಾಕಿ ವಾಪಸ್ ಕಳಿಸಿದ! ನನ್ನ ರಕ್ತ ಕುದಿಯಿತು. ನನ್ನ ಬರವಣಿಗೆಯಲ್ಲಿ ತಪ್ಪು ಹುಡುಕಲು ಇವನ್ಯಾರು ಎಂದು ಗಿರಿಜಾಳ ಮುಂದೆ ಕೂಗಾಡಿದೆ. ಅವಳು ಸಾವಧಾನವಾಗಿ ಓದಿದಳು.

"ಮೂರಿದೆ ಕಣ್ರೀ. ಪಾಪ, ಅವ್ರು ಒಂದು ಬಿಟ್ಟಿದ್ದಾರೆ."