ಉದ್ಘಾಟನೆಗೆ ಒಡೆದ ನಮ್ಮ ಮೂರು ಕಾಯಿ

ಪ್ರೌಢಶಾಲಾ ಮಕ್ಕಳ ‘ಮಾಡಿ ಕಲಿ’ ಯಂತ್ರ ಪ್ರದರ್ಶನ ಸಮಿತಿಯ ಅಧ್ಯಕ್ಷರಾದ ಶ್ರೀ ಯೋಗಾನಂದ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಒಂದೇ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿ, ಅಂದಿನಿಂದ ಇಂದಿನವರೆಗೆ ಯಾರ ಮುಂದೆಯೂ ಅರ್ಜಿ ಹಿಡಿದು ನಿಲ್ಲದ ಪಂಚನಹಳ್ಳಿಯ ಸುಲೋಚನಮ್ಮ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಸಮಿತಿಯವರೂ, ಅಂದು ತಮ್ಮ ಕೊರಳಿಗೆ ಬಿದ್ದ ಏಳು ಹಾರಗಳೂ ಕ್ಷೇಮವೆಂದು ನಂಬಿದ್ದೇನೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳ ಮಕ್ಕಳನ್ನು ತರೀಕೆರೆಯ ಒಂದೇ ಶಾಮಿಯಾನದ ಕೆಳಗೆ ಕೂರಿಸಿ, ಇಂಜಿನಿಯರಿಂಗನ್ನು ಪುಸ್ತಕದಿಂದಲ್ಲ, ಕೈಯಿಂದ ಕಲಿಯಬೇಕು ಎಂದು ತಾವು ಮಾಡಿದ ಐವತ್ತು ನಿಮಿಷದ ಭಾಷಣವನ್ನು ನಾನು ಎರಡನೆಯ ಸಾಲಿನಲ್ಲಿ ಕೂತು ಪೂರ್ತಿ ಕೇಳಿದೆ. ಅಷ್ಟು ಹೊತ್ತೂ ತಮ್ಮ ಒಂದು ಕೈ ಮೈಕಿನ ಮೇಲೆ, ಇನ್ನೊಂದು ಕೈ ಜಾರುತ್ತಿದ್ದ ಶಾಲಿನ ಮೇಲೆ ಇದ್ದದ್ದರಿಂದ, ಕೈಗಳಿಗೆ ಎಷ್ಟು ಕೆಲಸವಿರುತ್ತದೆ ಎಂಬುದು ಮಕ್ಕಳಿಗೆ ಚೆನ್ನಾಗಿ ಮನದಟ್ಟಾಯಿತು.

ನನ್ನ ಮೊಮ್ಮಗಳು ಧನುಶ್ರೀ, ಒಂಬತ್ತನೆಯ ತರಗತಿ, ಅದೇ ಶಾಮಿಯಾನದ ಹದಿನಾಲ್ಕನೆಯ ಮೇಜಿನಲ್ಲಿ ನಿಂತಿದ್ದಳು. ತಾವು ಆ ಮೇಜಿನ ಮುಂದೆ ಒಂದೂವರೆ ನಿಮಿಷವಷ್ಟೇ ನಿಂತಿದ್ದರಿಂದ, ಅವಳ ಯಂತ್ರ ಏನೆಂದು ತಮಗೆ ತಿಳಿದಿರುವ ಸಂಭವ ಕಡಿಮೆ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ, ಹತ್ತು ಹನ್ನೊಂದು ತಿಂಗಳು ಒಣಗಲು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾದಾಗ ಅದನ್ನು ಗಿಟುಕು ಎನ್ನುತ್ತೇವೆ. ಗಿಟುಕು ಆಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯಬೇಕಾದರೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಗುಳುಗುಳು ಅನ್ನುತ್ತದೆ. ಗಿಟುಕಾಗಿದ್ದರೆ ಗಡಗಡ ಅನ್ನುತ್ತದೆ. ನೀರು ಇಂಗಿ ಕೊಬ್ಬರಿ ಇನ್ನೂ ಚಿಪ್ಪು ಬಿಡದಿದ್ದರೆ ಏನೂ ಅನ್ನುವುದಿಲ್ಲ, ಅದಕ್ಕೆ ಇನ್ನೆರಡು ತಿಂಗಳು ಕಾಯಬೇಕು. ಈ ಮೂರರ ಭೇದ ಹೇಳುವ ಕಿವಿ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಇರುವುದು. ಆ ಕಿವಿ ಈಚೆಗೆ ಸ್ವಲ್ಪ ಮಂದವಾಗಿದೆ ಎಂಬ ಸುದ್ದಿಯನ್ನು ಸೊಸೆ ಕೋಮಲಾ ಹಬ್ಬಿಸಿದ್ದಾಳೆ, ಅದು ಬೇರೆ ವಿಷಯ.

ಆ ಸುದ್ದಿ ಕಿವಿಗೆ ಬಿದ್ದ ಮೇಲೆ ಧನುಶ್ರೀ ಕಡೂರಿನ ಗುಜರಿಯಿಂದ ಕಾರಿನ ವೈಪರ್ ಮೋಟಾರು ತಂದಳು. ನೀರಿನ ಪೈಪಿನ ಎರಡು ತುಂಡುಗಳಿಗೆ ಸೈಕಲ್ ಟ್ಯೂಬು ಸುತ್ತಿ ಎರಡು ಉರುಳೆ ಮಾಡಿ, ಅವುಗಳ ನಡುವೆ ಕಾಯಿ ತಿರುಗುವ ಹಾಗೆ ಕೂರಿಸಿ, ಕೆಳಗೆ ಹಳೆಯ ಇಯರ್‌ಫೋನಿನ ಮೈಕು ಅಂಟಿಸಿದಳು. ಶಾಲೆಯಲ್ಲಿ ಸಿದ್ದಲಿಂಗೇಶ್ ಮೇಷ್ಟ್ರು ಕೊಟ್ಟ ಪುಟ್ಟ ಬೋರ್ಡು ಆ ಸದ್ದು ಕೇಳಿ ನೀರಿಗೆ ಕೆಂಪು, ಸದ್ದಿಲ್ಲದ್ದಕ್ಕೆ ಹಳದಿ, ಗಿಟುಕಿಗೆ ಹಸಿರು ದೀಪ ಹತ್ತಿಸಬೇಕು. ಮೊದಲ ಸಲ ಅದು ಕಾಯಿಯ ಸದ್ದು ಬಿಟ್ಟು ಮೋಟಾರಿನ ಸದ್ದನ್ನೇ ಕೇಳಿಸಿಕೊಂಡು, ಏನಿಟ್ಟರೂ ಗಿಟುಕು ಎಂದಿತು. ಒಂದು ಆಲೂಗಡ್ಡೆಯನ್ನೂ ಗಿಟುಕು ಎಂದಿತು. ಮೋಟಾರಿನ ಕೆಳಗೆ ಹಳೆ ಕಂಬಳಿ ಮಡಿಸಿಟ್ಟ ಮೇಲೆ ಸುಧಾರಿಸಿತು. ಆಮೇಲೆ ನಲವತ್ತು ಕಾಯಿ ಸಾಲಾಗಿ ಇಟ್ಟು, ಮೊದಲು ನಾನು ಹೇಳುವುದು, ಅವಳು ಬರೆದುಕೊಳ್ಳುವುದು, ನಂತರ ಯಂತ್ರ ಹೇಳುವುದು. ಮೂವತ್ತೇಳರಲ್ಲಿ ಇಬ್ಬರ ಮಾತೂ ಒಂದೇ ಆಯಿತು. ಉಳಿದ ಮೂರನ್ನು ಒಡೆದು ನೋಡಿದಾಗ ಎರಡರಲ್ಲಿ ನಾನು ಸರಿ, ಒಂದರಲ್ಲಿ ಯಂತ್ರ ಸರಿ. ಆ ಒಂದರ ವಿಷಯ ಮನೆಯ ಹೊಸಿಲು ದಾಟಬಾರದು ಎಂದು ಅವಳಿಗೆ ಕಟ್ಟಪ್ಪಣೆ ಮಾಡಿದ್ದೆ. ತಮ್ಮ ಗೌರವಾರ್ಥ ಈ ದಿನ ನಾನೇ ದಾಟಿಸಿದ್ದೇನೆ.

ಪ್ರದರ್ಶನಕ್ಕೆ ಒಂಬತ್ತು ಕಾಯಿ ಆರಿಸಿದೆವು. ನೀರಿನದು ಮೂರು, ಸದ್ದಿಲ್ಲದ್ದು ಮೂರು, ಗಿಟುಕಿನದು ಮೂರು. ಸುಲಿದವಳು ನಾನೇ. ಇಲ್ಲಿ ನನ್ನದೊಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಜುಟ್ಟು ಬೋಳಿಸಿದ ಕಾಯಿ ನಮ್ಮ ಮನೆಯಿಂದ ಶುಭಕಾರ್ಯಕ್ಕೆ ಹೋಗುವ ಪದ್ಧತಿ ಇಲ್ಲದ್ದರಿಂದ, “ಜುಟ್ಟು ಯಾಕಜ್ಜಿ, ಟೆಸ್ಟಿಂಗ್‌ಗೆ ತಾನೆ” ಎಂದು ಮಗು ಕೇಳಿದರೂ ಬಾಯಿ ಮುಚ್ಚಿಸಿ, ಒಂಬತ್ತಕ್ಕೂ ಒಳ್ಳೆ ಜುಟ್ಟು ಬಿಟ್ಟು, ಅರಿಶಿನದ ಕೈಯಿಂದಲೇ ತಟ್ಟೆಗೆ ಜೋಡಿಸಿ ಕಳಿಸಿದೆ. ವಿಜ್ಞಾನದ ಮೇಜಿನ ಮೇಲೆ ಜುಟ್ಟಿರುವ ಕಾಯಿ ಕಂಡರೆ ತಮ್ಮ ಸಮಿತಿಯ ಕಣ್ಣಿಗೆ ಅದು ಏನಾಗಿ ಕಾಣುತ್ತದೆ ಎಂಬುದನ್ನು ನಾನು ಮೊದಲೇ ಊಹಿಸಬೇಕಿತ್ತು.

ಉದ್ಘಾಟನೆಯ ಪೂಜೆಗೆ ಕಾಯಿ ತರುವುದನ್ನು ಸಮಿತಿ ಮರೆತಿತ್ತು. ತಮ್ಮ ಸ್ವಯಂಸೇವಕ ಗಿಡ್ಡಪ್ಪ ಎನ್ನುವವರು ನೇರವಾಗಿ ಹದಿನಾಲ್ಕನೆಯ ಮೇಜಿಗೆ ಬಂದು, “ಓ, ಕಾಯಿ ಇಲ್ಲೇ ಅವೆ, ಅಂಗಡಿಗೆ ಹೋಗೋದು ತಪ್ತು” ಎಂದು ಮೂರನ್ನು ಕಂಕುಳಿಗೆ ಇಟ್ಟುಕೊಂಡರು. “ಅಣ್ಣಾ, ಅದು ಪೂಜೆದಲ್ಲ ಕಣಣ್ಣಾ, ಟೆಸ್ಟಿಂಗ್‌ದು” ಎಂದಳಂತೆ ಮಗು. “ದೇವ್ರಿಗಿಂತ ಟೆಸ್ಟಿಂಗ್ ದೊಡ್ಡದೇನವ್ವಾ” ಎಂದು ಹೋದರಂತೆ. ತಟ್ಟೆಯಲ್ಲಿದ್ದ ಒಂಬತ್ತರಲ್ಲಿ ಅವರು ಎತ್ತಿದ್ದು ಹಸಿರು ಚೀಟಿ ಅಂಟಿಸಿದ್ದ ಮೂರನ್ನು, ಹನ್ನೊಂದು ತಿಂಗಳು ಅಟ್ಟದಲ್ಲಿದ್ದ ಮೂರನ್ನು.

ಮುಂದಿನದು ತಮಗೇ ಗೊತ್ತು. ಮೊದಲ ಕಾಯಿ ಒಡೆದಿರಿ, ಒಂದು ಹನಿ ನೀರು ಬರಲಿಲ್ಲ, ಉಂಡೆ ಕೊಬ್ಬರಿ ಉರುಳಿಕೊಂಡು ಹೋಗಿ ಮುಖ್ಯ ಅತಿಥಿಗಳ ಚಪ್ಪಲಿಯ ಹತ್ತಿರ ನಿಂತಿತು. ನಾನು ಎದ್ದು ನಿಲ್ಲುವಷ್ಟರಲ್ಲಿ ಎರಡನೆಯದು, ಬಾಯಿ ತೆರೆಯುವಷ್ಟರಲ್ಲಿ ಮೂರನೆಯದು. “ಯಾರ್ರೀ ಈ ಒಣಗಿದ್ ಕಾಯಿ ತಂದೋರು, ಒಳ್ಳೆ ಕೆಲ್ಸಕ್ಕೆ ಕೈ ಹಾಕ್ದಾಗ್ಲೇ ಅಪಶಕುನ” ಎಂದು ತಾವು ಪಕ್ಕಕ್ಕೆ ತಿರುಗಿ ಹೇಳಿದ್ದು ಮೈಕಿನಲ್ಲಿ ಆರುನೂರು ಮಕ್ಕಳಿಗೂ ಕೇಳಿಸಿತು. ಮೂರಕ್ಕೆ ಮೂರೂ ಚಿಪ್ಪಿಗಂಟದೆ ಇಡಿಯಾಗಿ ಬಂದರೆ ನಮ್ಮೂರಿನಲ್ಲಿ ಅದಕ್ಕೆ ಅಪಶಕುನ ಎನ್ನುವುದಿಲ್ಲ, ಫಸಲು ಎನ್ನುತ್ತಾರೆ.

ಆದರೆ ಮಾನ್ಯರೇ, ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ತಮ್ಮನ್ನು ಅಭಿನಂದಿಸುವುದಕ್ಕೆ. ಹಿಂದಿನ ದಿನವೇ ಯಂತ್ರ ಹಸಿರು ದೀಪ ಹತ್ತಿಸಿ ಗಿಟುಕು ಎಂದ ಮೂರು ಕಾಯಿಗಳನ್ನು ಸ್ವತಃ ಅಧ್ಯಕ್ಷರೇ ವೇದಿಕೆಯ ಮೇಲೆ, ದೀಪ ಬೆಳಗಿಸಿ, ಎಲ್ಲರೂ ಎದ್ದು ನಿಂತಿರುವಾಗ ಒಡೆದು, ಯಂತ್ರ ಹೇಳಿದ್ದು ಮೂರಕ್ಕೆ ಮೂರೂ ಸತ್ಯ ಎಂದು ತೋರಿಸಿದ ಪ್ರಯೋಗ ಬೇರೆ ಯಾವ ಜಿಲ್ಲೆಯಲ್ಲೂ ನಡೆದಿರಲಾರದು. ಒಂಬತ್ತನೆಯ ತರಗತಿಯ ಹುಡುಗಿಗೆ ಇಷ್ಟು ದೊಡ್ಡ ಸಹಾಯಕರು ಸಿಕ್ಕಿದ್ದು ಅವಳ ಪುಣ್ಯ. ಸಹಾಯಕರಿಗೆ ತಾವು ಸಹಾಯ ಮಾಡುತ್ತಿದ್ದೇವೆಂದು ಗೊತ್ತಾಗದೇ ಹೋದದ್ದೊಂದೇ ಕೊರತೆ.

ಅದಾದ ಒಂದು ಗಂಟೆಗೆ ತಾವು ಪೆನ್ನು ಹಿಡಿದು ಅವಳ ಮೇಜಿಗೆ ಬಂದಿರಿ. ಕೆಂಪು ದೀಪ ನೋಡಿದಿರಿ, ಹಳದಿ ನೋಡಿದಿರಿ. “ಹಸಿರು ಹತ್ಸಿ ತೋರ್ಸಮ್ಮ” ಎಂದಿರಿ. “ಹಸಿರು ಕಾಯಿ ಮೂರನ್ನೂ ನೀವೇ ಸ್ಟೇಜ್ ಮೇಲೆ ಒಡೆದ್ಬಿಟ್ರಿ ಸಾರ್” ಎಂದಳು. “ನೆಪ ಹೇಳೋದನ್ನ ಕಲೀಬಾರ್ದು” ಎಂದು ‘ಮಾದರಿ ಅಪೂರ್ಣ’ ಎಂದು ಬರೆದು ಮುಂದೆ ಹೋದಿರಿ. ಮೊದಲ ಬಹುಮಾನ ಹೆಬ್ಬೆ ಜಲಪಾತದಿಂದ ವಿದ್ಯುತ್ ತೆಗೆಯುವ ಥರ್ಮಾಕೋಲ್ ಬೆಟ್ಟಕ್ಕೆ ಹೋಯಿತು. ಬೆಟ್ಟ ಸೊಗಸಾಗಿತ್ತು, ಹಸಿರು ಬಣ್ಣವೂ ಧಾರಾಳವಾಗಿತ್ತು. ಹಿಂದೆ ಕೊಡದಲ್ಲಿ ನೀರು ಮುಗಿದು ಜಲಪಾತ ನಿಂತ ಮೇಲೂ ಬಲ್ಬು ಉರಿಯುತ್ತಲೇ ಇದ್ದದ್ದನ್ನು ನೋಡಿ ನಾನು ಬೆರಗಾದೆ. ಅದನ್ನು ಮಾಡಿದ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ, ಬ್ಯಾಟರಿಯನ್ನು ಬೆಟ್ಟದೊಳಗೆ ಬಚ್ಚಿಡುವುದಕ್ಕೂ ಬುದ್ಧಿ ಬೇಕು. ಬೆಟ್ಟವನ್ನು ಎತ್ತಿ ನೋಡುವುದಕ್ಕೆ ಮಾತ್ರ ಒಂದು ಕೈ ಬೇಕಿತ್ತು, ಆ ಹೊತ್ತಿಗೆ ತಮ್ಮದು ಮತ್ತೆ ಶಾಲಿನ ಮೇಲಿತ್ತು.

ಜಿಲ್ಲಾ ಪ್ರದರ್ಶನಕ್ಕೆ ಹೋಗುವ ಮಕ್ಕಳ ಪಟ್ಟಿಯನ್ನು ತಾವು ಇಪ್ಪತ್ತೆಂಟನೆಯ ತಾರೀಖು ಮುಚ್ಚುತ್ತೀರಂತೆ. ಆ ಪಟ್ಟಿಯಲ್ಲಿರುವ ಮಕ್ಕಳಿಗೆ ಹದಿನೈದು ದಿನ ವರ್ಕ್‌ಶಾಪಿನಲ್ಲಿ ಉರುಳೆ ಕಡೆಯುವ ಲೇತ್ ಯಂತ್ರದ ಮೇಲೆ ಸ್ವಂತ ಕೈಯಿಂದ ಕೆಲಸ ಮಾಡಲು ಬಿಡುತ್ತಾರಂತೆ. ಧನುಶ್ರೀಗೆ ಬೇಕಿದ್ದದ್ದು ಬಹುಮಾನವಲ್ಲ, ಆ ಲೇತು. ಅವಳ ಉರುಳೆಗಳು ಕೈಯಲ್ಲಿ ಉಜ್ಜಿ ಮಾಡಿದ್ದರಿಂದ ಒಂದಿಷ್ಟು ಓರೆ, ಕಾಯಿ ಕುಪ್ಪಳಿಸುತ್ತದೆ, ಕುಪ್ಪಳಿಸಿದಾಗ ಯಂತ್ರಕ್ಕೆ ತಪ್ಪು ಕೇಳಿಸುತ್ತದೆ. ಲೇತಿನಲ್ಲಿ ನೇರ ಮಾಡಿಕೊಂಡು ಬಂದರೆ ನಲವತ್ತಕ್ಕೆ ನಲವತ್ತು ಎಂದು ಲೆಕ್ಕ ಹಾಕಿದ್ದಳು. ಈಗ ಮೋಟಾರನ್ನು ಬಿಚ್ಚಿ ಗೋಣಿಚೀಲಕ್ಕೆ ಹಾಕಿದ್ದಾಳೆ. “ಬಿಡಜ್ಜಿ, ನಂಗ್ ಬ್ಯಾಡ” ಎನ್ನುತ್ತಾಳೆ. ನಮ್ಮ ಮನೆಯ ಹೆಣ್ಣುಮಕ್ಕಳು ಬೇಡ ಎನ್ನುವುದು ನನಗೆ ಹೊಸದಲ್ಲ, ಹೇಳಬೇಕಾದ್ದನ್ನು ಹೇಳಿ ಮುಗಿಸದೆ ಬೇಡ ಎನ್ನುವುದು ಹೊಸದು.

ಆದ್ದರಿಂದ ತಮ್ಮಲ್ಲಿ ವಿನಂತಿ. ಒಡೆದ ಮೂರು ಕಾಯಿಗಳನ್ನು ಒಡೆಯುವ ಮುಂಚೆ ಇದ್ದ ಹಾಗೆಯೇ ಹಿಂದಿರುಗಿಸುವುದು. ಅದು ಕಷ್ಟವಾದರೆ, ಮೂರು ಹೊಸ ಕಾಯಿಗಳನ್ನು ತಮ್ಮ ಮನೆಯ ಅಟ್ಟದಲ್ಲಿ ಹನ್ನೊಂದು ತಿಂಗಳು ಒಣಗಿಸಿ, ವಾರಕ್ಕೊಮ್ಮೆ ತಾವೇ ಕಿವಿಗೆ ಹಿಡಿದು ಅಲ್ಲಾಡಿಸಿ ಕೇಳಿ, ಗಿಟುಕಾದ ದಿನ ತಲುಪಿಸುವುದು, ಅಲ್ಲಿಯವರೆಗೆ ಇಪ್ಪತ್ತೆಂಟನೆಯ ತಾರೀಖನ್ನು ಬಾರದಂತೆ ತಡೆದಿಡುವುದು. ಇದೂ ಸಮಿತಿಯ ಅಧಿಕಾರಕ್ಕೆ ಮೀರಿದ್ದಾದರೆ, ಉಳಿದಿರುವುದು ಸುಲಭದ ದಾರಿ. ತಮಗೆ ಬೇಕಾದ ಅಂಗಡಿಯಿಂದ, ಬೇಕಾದ ಮನೆಯಿಂದ ಹತ್ತು ಕಾಯಿ ತಾವೇ ತರಿಸಿ. ಯಂತ್ರ ಮೊದಲು ಹೇಳಲಿ, ತಾವು ಆಮೇಲೆ ಒಡೆಯಿರಿ. ಒಡೆಯುವ ಅಭ್ಯಾಸ ತಮಗೆ ಹೇಗೂ ಇದೆ. ಎಂಟು ಸರಿಯಾಗದಿದ್ದರೆ ನಾನೇ ಮಗುವನ್ನು ಕರೆದುಕೊಂಡು ಹೊರಡುತ್ತೇನೆ, ಮತ್ತೆ ಪತ್ರ ಬರೆಯುವುದಿಲ್ಲ.

ಇಷ್ಟು ದೀರ್ಘವಾಗಿ ತಮ್ಮ ಸಮಯವನ್ನು, ಅಂದರೆ ಒಂದು ಭಾಷಣದ ಕಾಲು ಭಾಗದಷ್ಟನ್ನು, ತೆಗೆದುಕೊಂಡದ್ದಕ್ಕೆ ಕ್ಷಮೆ ಕೋರುತ್ತಾ,

ತಮ್ಮ ವಿಶ್ವಾಸಿ,
ಸುಲೋಚನಮ್ಮ
ಪಂಚನಹಳ್ಳಿ, ಕಡೂರು ತಾಲ್ಲೂಕು

ಮರೆತ ಮಾತು: ಪತ್ರಿಕೆಗೆ ಬರೆಯುತ್ತಿದ್ದೇನೆಂದು ಸಿದ್ದಲಿಂಗೇಶ್ ಮೇಷ್ಟ್ರಿಗೆ ಹೇಳಿದ್ದೆ, ಅದು ತಮ್ಮವರೆಗೂ ಹೋಗಿ, ಕವರು ಅಂಟಿಸುವ ಮುಂಚೆ ಅವರು ಫೋನು ಮಾಡಿದ್ದರು. ಈ ಪತ್ರ ಪತ್ರಿಕೆಗೆ ಹೋಗದಿದ್ದರೆ ಸೋಮವಾರ ಹನ್ನೊಂದು ಗಂಟೆಗೆ ಮರುಪರೀಕ್ಷೆ ಮಾಡಬಹುದು, ಆದರೆ ಈ ಮಾತು ನಮ್ಮನಮ್ಮಲ್ಲೇ ಇರಲಿ ಎಂದು ತಾವು ಹೇಳಿಕಳಿಸಿದಿರಂತೆ. ತಮ್ಮ ಔದಾರ್ಯವನ್ನು ಓದುಗರಿಂದ ಮರೆಮಾಚುವುದು ಕೃತಘ್ನತೆಯಾಗುತ್ತದೆಂದು ಆ ಮಾತನ್ನೂ ಇಲ್ಲೇ ಸೇರಿಸಿ ಪತ್ರಿಕೆಗೆ ಕಳಿಸಿದ್ದೇನೆ. ಈಗ ಸೋಮವಾರ ಎಲ್ಲರಿಗೂ ಗೊತ್ತಿರುವುದರಿಂದ, ತಾವು ಮರೆಯುವ ಭಯವಿಲ್ಲ. ಧನುಶ್ರೀ ಗೋಣಿಚೀಲ ಬಿಚ್ಚಿ ಸ್ಕ್ರೂಡ್ರೈವರ್ ಹುಡುಕುತ್ತಿದ್ದಾಳೆ. ಮೊದಲ ಬಸ್ಸಿಗೇ ಹೊರಡುತ್ತೇವೆ.