ಗೋಡೆಗೆ ಎರಡು ಕಣ್ಣಿನ ಒಪ್ಪಿಗೆ

ಅಥವಾ ಅದು ಎಡಗಣ್ಣೇ ಇರಬಹುದು. ಈ ಕತೆಯನ್ನು ಹೇಳುವಾಗಲೆಲ್ಲ ನಾನು ಬಲಗಣ್ಣು ಎಂದೇ ಹೇಳಿಕೊಂಡು ಬಂದಿದ್ದೇನೆ. ಆದರೆ ಹಾಸನದ ಕಣ್ಣಿನ ಆಸ್ಪತ್ರೆಯಲ್ಲಿ ಸೋದರತ್ತೆಯ ಕೈ ಹಿಡಿದು ಕೂತಿದ್ದ ಅವರ ಮಗಳು ಎಡಗಣ್ಣು ಎನ್ನುತ್ತಾಳೆ. ಅತ್ತೆಯನ್ನೇ ಕೇಳಿದೆ. "ಯಾವ್ದಾದ್ರೇನು ಬುಡೋ, ಎರಡೂ ನನ್ನವೇ ಅಲ್ವಾ" ಎಂದರು. ಮೊದಲು ಪೊರೆ ತೆಗೆಸಿಕೊಂಡ ಕಣ್ಣು ಯಾವುದೆಂದೇ ಗೊತ್ತಿಲ್ಲದವನು ಮುಂದಿನದನ್ನು ಎಷ್ಟು ಸರಿಯಾಗಿ ಹೇಳಿಯಾನು ಎಂದು ನೀವು ಕೇಳಬಹುದು. ಕೇಳಿ. ನನಗೂ ಅದೇ ಅನುಮಾನ. ಹಾಗಾಗಿ ಎಡಬಲದ ಗೊಡವೆ ಬಿಟ್ಟು ಹೊಸ ಕಣ್ಣು, ಹಳೆ ಕಣ್ಣು ಎನ್ನುತ್ತೇನೆ. ಹೊಸದೆಂದರೆ ಪೊರೆ ತೆಗೆದದ್ದು. ಹಳೆಯದೆಂದರೆ ಇನ್ನೂ ತೆಗೆಯದೆ ಬಿಟ್ಟದ್ದು.

ಖಚಿತವಾಗಿ ಹೇಳಬಲ್ಲದ್ದು ಇಷ್ಟೇ: ನನ್ನ ಸೋದರತ್ತೆ ತಮ್ಮ ಒಂದು ಕಣ್ಣನ್ನು ಇನ್ನೊಂದರ ಮೇಲೆ ಎತ್ತಿಕಟ್ಟಿ, ನಡುವೆ ತಾವೇ ನ್ಯಾಯಾಧೀಶರಾಗಿ ಕುಳಿತು, ಅಡುಗೆಮನೆಯ ಗೋಡೆಗೆ ಬಣ್ಣ ಆರಿಸುವ ಕೆಲಸವನ್ನು ಕಾಫಿ ಕುಯ್ಲು ಶುರುವಾದಾಗಿನಿಂದ ಮುಗಿಯುವವರೆಗೂ ಎಳೆದರು. ಅವರ ಮನೆ, ತೋಟ ಇರುವುದು ಹೆತ್ತೂರಿನ ದಾರಿಯಲ್ಲಿ. ನಾನು ಇರುವುದು ಸಕಲೇಶಪುರದಲ್ಲಿ. ನನ್ನ ಬಳಿ ಒಂದು ಕಾರಿದೆ. ಈ ವ್ಯಾಜ್ಯದ ಓಡಾಟ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕೆ?

ಶುರುವಾದದ್ದು ಹೀಗೆ. ಮೊದಲ ಆಪರೇಷನ್ ಆಗಿ, ಕಪ್ಪು ಕನ್ನಡಕ ಹಾಕಿಕೊಂಡು ಮಗಳ ಮನೆಯಲ್ಲಿ ಒಂದಷ್ಟು ದಿನ ಕೂತಿದ್ದು, ಅತ್ತೆ ಊರಿಗೆ ಬಂದರು. ಬಾಗಿಲಲ್ಲಿ ನಿಂತಿದ್ದ ಮಾವನ ಮುಖವನ್ನೇ ನೋಡಿದರು.

"ಇಷ್ಟೊಂದು ಸುಕ್ಕು ಯಾವಾಗ ಬಿತ್ರೀ ನಿಮಗೆ?"

"ನಿಂಗೆ ಕಾಣ್ದಿದ್ದಾಗ" ಎಂದರು ಮಾವ.

ಅತ್ತೆ ಅಲ್ಲಿಂದ ನೇರ ಅಡುಗೆಮನೆಗೆ ಹೋದರು. ಆಮೇಲೆ, "ಯಾರು ಮಾಡಿದ್ದು ಇದನ್ನ?" ಎಂಬ ಪ್ರಶ್ನೆ ಕೇಳಿಸಿತು. ಒಲೆಯ ಹಿಂದೆ ಮಸಿ, ಗ್ಯಾಸಿನ ಹಿಂದೆ ಜಿಡ್ಡು, ಎದೆಮಟ್ಟದವರೆಗೆ ಒಗ್ಗರಣೆ ಸಿಡಿದ ಕಲೆ. ಎಲ್ಲವೂ ಅವರದೇ ಕೈಕೆಲಸ. ಅವರೋ, ಕಳ್ಳತನವಾದ ಮನೆಯನ್ನು ನೋಡಲು ಬಂದ ಪೊಲೀಸರ ಹಾಗೆ ಗೋಡೆಯಿಂದ ಗೋಡೆಗೆ ಹೋಗುತ್ತಿದ್ದರು. ದಿನವೂ ಒರೆಸುತ್ತಿದ್ದದ್ದು ನಿಜ. ಕಾಣದ್ದನ್ನು ಎಷ್ಟೆಂದು ಒರೆಸಿಯಾರು?

ಆಗ ಅವರಿಗೆ ಏನನ್ನಿಸಿತೋ, ಹೊಸ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ ಹಳೆ ಕಣ್ಣಲ್ಲಿ ನೋಡಿದರು. ಮುಖ ಅರಳಿತು.

"ಸರಿಯಾಗೈತಲ್ಲೋ. ಬೆಣ್ಣೆ ಬಣ್ಣ. ಮೊದಲು ಹೆಂಗಿತ್ತೋ ಹಂಗೇ ಐತೆ."

ಕೈ ತೆಗೆದರು. "ಕೊಳಕು." ಮತ್ತೆ ಮುಚ್ಚಿದರು. "ಬೆಣ್ಣೆ." ಆ ಮಧ್ಯಾಹ್ನವೆಲ್ಲ ಮನೆಯಲ್ಲಿ ಇದೇ ನಡೆಯಿತು. ಬೆಣ್ಣೆ, ಕೊಳಕು, ಬೆಣ್ಣೆ, ಕೊಳಕು.

ಇದು ಬರೀ ತಮಾಷೆಯಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಡಾಕ್ಟರು ಎರಡನೆಯ ಕಣ್ಣನ್ನು ಬೇಗ ಮಾಡಿಸಿ ಎಂದಿದ್ದರು. ಆ ಪೊರೆ ಗಟ್ಟಿಯಾಗುತ್ತಾ ಬಂದಿದೆ, ತಡಮಾಡಿದಷ್ಟೂ ಕಣ್ಣಿಗೆ ಅಪಾಯ ಎಂದು ಮಗಳಿಗೆ ಎರಡೆರಡು ಸಲ ಹೇಳಿದ್ದರು. ಅತ್ತೆ ಒಪ್ಪಲಿಲ್ಲ. ಮಗಳು ಫೋನಿನಲ್ಲಿ ಬೈದಳು, ಅತ್ತಳು. ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡರು.

"ಅಡುಗೆಮನೆ ಬಣ್ಣ ಆಗ್ಲಿ, ಆಮೇಲೆ ಬತ್ತೀನಿ."

"ಬಣ್ಣಕ್ಕೂ ಕಣ್ಣಿಗೂ ಏನಮ್ಮ ಸಂಬಂಧ?"

"ಎರಡನ್ನೂ ಕುಯ್ಸ್ಕಂಡ್ಬುಟ್ರೆ ಗೋಡೆ ಮೊದಲು ಹೆಂಗಿತ್ತು ಅನ್ನಾಕೆ ಸಾಕ್ಷಿ ಯಾರೇ? ಎರಡು ಕಣ್ಣೂ ಒಪ್ಪಿದ ಬಣ್ಣ ಬಳಿಸ್ತೀನಿ. ಒಂದು ಇರೋವಾಗ್ಲೇ ಕೇಳ್ಬೇಕು, ಹೋದ್ಮೇಲೆ ಯಾರನ್ನ ಕೇಳ್ಲಿ?"

ಈ ವಾದದಲ್ಲಿ ತಪ್ಪು ಎಲ್ಲಿದೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಇನ್ನೂ ಸಿಕ್ಕಿಲ್ಲ.

ಸಕಲೇಶಪುರದ ಬಣ್ಣದ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಬಣ್ಣದ ಚೀಟಿಗಳ ದಪ್ಪ ಪುಸ್ತಕ ಬಿಚ್ಚಿದರು. ಅತ್ತೆ ಒಂದೊಂದು ಚೀಟಿಗೂ ಒಂದು ಕಣ್ಣು ಮುಚ್ಚಿ, ತೆರೆದು, ಇನ್ನೊಂದು ಮುಚ್ಚಿ, ತೆರೆದು ನೋಡತೊಡಗಿದರು. ತಲೆ ನರೆತ ಹೆಂಗಸು ತಮ್ಮೆದುರು ಕೂತು ಒಂದೇ ಸಮನೆ ಕಣ್ಣು ಹೊಡೆಯುತ್ತಿದ್ದರೆ ಯಾವ ವ್ಯಾಪಾರಿ ತಾನೇ ಸುಮ್ಮನಿದ್ದಾರು? ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಫ್ಯಾನ್ ಜೋರು ಮಾಡಿದರು.

"ಇವ್ಯಾವೂ ಬೇಡ. ಅಕ್ಕಿ ತೊಳೆದ ನೀರಿನ ಬಣ್ಣ ಕೊಡಪ್ಪ" ಎಂದರು ಅತ್ತೆ.

"ಅಮ್ಮ, ಮಿಷನ್ನಲ್ಲಿ ಕಲೆಸೋದು. ನಂಬರ್ ಹೇಳ್ಬೇಕು."

"ಅಕ್ಕಿ ತೊಳೆದ ನೀರಿಗೆ ಯಾರಪ್ಪ ನಂಬರ್ ಹಾಕ್ತಾರೆ? ಮೊದಲ್ನೇ ನೀರಲ್ಲ ಮತ್ತೆ, ಅದು ಕೆನೆ ಇರ್ತೈತೆ. ಎರಡ್ನೇ ನೀರು."

ಕೊನೆಗೆ ಸಣ್ಣ ಸಣ್ಣ ಡಬ್ಬಿಗಳಲ್ಲಿ ಮಾದರಿಗಳನ್ನು ಹೊತ್ತು ತಂದೆವು. ಎಷ್ಟು ಡಬ್ಬಿ ಎಂದು ನೆನಪಿಲ್ಲ. ಡಿಕ್ಕಿಯಲ್ಲಿ ಒಂದು ಉರುಳಿ ಚೆಲ್ಲಿದ್ದಂತೂ ನೆನಪಿದೆ, ಏಕೆಂದರೆ ಆ ಕಲೆ ಈಗಲೂ ಅಲ್ಲೇ ಇದೆ. ಅದು ಎರಡನೇ ನೀರಂತೂ ಅಲ್ಲ.

ಬಣ್ಣ ಬಳಿಯಲು ಆಲೂರಿನ ಕಡೆಯಿಂದ ಒಬ್ಬ ಪೇಂಟರ್ ಬಂದಿದ್ದರು. ಗೋಡೆ ತೊಳೆದು, ಉಜ್ಜಿ, ಬಿಳಿ ಮಾಡಿ ಕೊಟ್ಟರು. ಮುಂದಿನ ಕೆಲಸ ಅತ್ತೆಯ ತೀರ್ಪಿಗಾಗಿ ನಿಂತಿತು. ಗೋಡೆಯ ತುಂಬ ರೊಟ್ಟಿಯಷ್ಟಗಲದ ಮಾದರಿಗಳು. ರೊಟ್ಟಿಯಷ್ಟಗಲ ಎಂದು ಸುಮ್ಮನೆ ಹೇಳಲಿಲ್ಲ. ಅತ್ತೆ ದಿನವೂ ಬೆಳಿಗ್ಗೆ ಬಿಸಿ ಅಕ್ಕಿ ರೊಟ್ಟಿಯೊಂದನ್ನು ಒಂದೊಂದು ಬಣ್ಣದ ಪಕ್ಕದಲ್ಲೂ ಹಿಡಿದು ನೋಡುತ್ತಿದ್ದರು. ರೊಟ್ಟಿ ಬೆಂದಿದೆಯೋ ಇಲ್ಲವೋ ತಿಳಿಯದ ಗೋಡೆಯ ಮುಂದೆ ಅಡುಗೆ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಪರೀಕ್ಷೆ ಮುಗಿದ ರೊಟ್ಟಿ ಪೇಂಟರ ತಟ್ಟೆಗೆ ಬೀಳುತ್ತಿತ್ತು, ಚಟ್ನಿ ಸಮೇತ. ಅವರು ಮೊದಲ ವಾರ "ಅಮ್ಮಾ, ಒಂದು ಹೇಳ್ಬುಡಿ, ಬಳಿದು ಹೋಗ್ತೀನಿ" ಎನ್ನುತ್ತಿದ್ದರು. ಆಮೇಲೆ ಅವಸರ ಕಡಿಮೆಯಾಯಿತು. "ಆ ಮೂಲೇದು ಇನ್ನೊಂದ್ಸಲ ನೋಡ್ಬೋದೇನೋ" ಎಂದು ಅವರೇ ಸೂಚಿಸತೊಡಗಿದರು.

ಹೊಸ ಕಣ್ಣು ಮೆಚ್ಚಿದ್ದನ್ನು ಹಳೆ ಕಣ್ಣು ಒಪ್ಪಲಿಲ್ಲ. ಹಳೆಯದು ಮೆಚ್ಚಿದ್ದಕ್ಕೆ ಹೊಸದು ಮುಖ ತಿರುಗಿಸಿತು. ಅಕ್ಕಪಕ್ಕದ ತೋಟದವರು ಕಾಫಿ ಕುಡಿಯಲು ಬಂದು ಒಂದು ಕಣ್ಣು ಮುಚ್ಚಿ ನೋಡಿ ಅಭಿಪ್ರಾಯ ಹೇಳಿ ಹೋದರು. ನಾನೂ ಮುಚ್ಚಿ ನೋಡಿದೆ. ನನ್ನ ಕಣ್ಣುಗಳು ಎಂದಿನಂತೆ ಒಂದನ್ನೊಂದು ಸಮರ್ಥಿಸಿಕೊಂಡವು.

ಅತ್ತೆ ಕೈ ಸುಟ್ಟುಕೊಂಡ ಬೆಳಗ್ಗೆ ನಾನು ಅಲ್ಲಿದ್ದೆನೋ, ಆಮೇಲೆ ಕೇಳಿದ್ದನ್ನೇ ನೋಡಿದ್ದೆಂದುಕೊಂಡಿದ್ದೇನೋ ಹೇಳಲಾರೆ. ಅತ್ತೆ ಕುದಿಯುವ ನೀರನ್ನು ಕಾಫಿಪುಡಿಗೆ ಹಾಕಲು ಹೋಗಿ ಪಾತ್ರೆಯ ಪಕ್ಕಕ್ಕೆ ಸುರಿದರು. ನೀರು ಅವರ ಇನ್ನೊಂದು ಕೈ ಮೇಲೆ ಬಿತ್ತು. ಒಂದು ಕಣ್ಣು ಒಂದು ದೂರ ಹೇಳಿದರೆ ಇನ್ನೊಂದು ಇನ್ನೊಂದು ದೂರ ಹೇಳುತ್ತಿತ್ತು. ಕೈ ಬೊಬ್ಬೆ ಎದ್ದಿತು. ಮಗಳು ಆ ದಿನ ಫೋನಿನಲ್ಲಿ ಬೈಯಲಿಲ್ಲ. "ಅಮ್ಮ, ಆ ಕಣ್ಣು ಹೋದ್ರೆ ಬಣ್ಣ ತಗಂಡು ಏನ್ಮಾಡ್ತೀಯಾ?" ಎಂದಷ್ಟೇ ಕೇಳಿದಳು. ಅತ್ತೆ ಕೈಗೆ ಎಣ್ಣೆ ಹಚ್ಚಿಕೊಂಡರು. ಮರುದಿನ ಮತ್ತೆ ರೊಟ್ಟಿ, ಮತ್ತೆ ಗೋಡೆ.

ಇಷ್ಟೆಲ್ಲ ನಡೆಯುವಾಗ ಮಾವನನ್ನು ಯಾರೂ ಏನೂ ಕೇಳಿರಲಿಲ್ಲ. ಕಾರಣ ಮನೆಯವರಿಗೆಲ್ಲ ಗೊತ್ತು. ಮಾವನಿಗೆ ಹುಟ್ಟಿನಿಂದಲೂ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಕಾಫಿ ತೋಟದ ಯಜಮಾನನಿಗೆ ದೇವರು ಕೊಡಬಹುದಾದ ಇದಕ್ಕಿಂತ ದೊಡ್ಡ ಚೇಷ್ಟೆ ನನಗೆ ತೋಚುವುದಿಲ್ಲ. ಗಿಡದಲ್ಲಿ ಕೆಂಪಗೆ ಹಣ್ಣಾದದ್ದನ್ನು ಮಾತ್ರ ಕುಯ್ಯಬೇಕು, ಹಸಿರು ಕಾಯಿ ಬಿಡಬೇಕು. ಮಾವ ಎರಡು ಬೆರಳಲ್ಲಿ ಹಿಚುಕಿ ನೋಡಿ ತಿಳಿಯುತ್ತಿದ್ದರು, ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಮಾವನ ಬುಟ್ಟಿಯಲ್ಲಿ ಹಸಿರೂ ಕೆಂಪೂ ಬೆರೆತು ಬಿದ್ದಿದ್ದನ್ನು ಅತ್ತೆ ನೋಡಿದರಂತೆ. ಯಾರಿಗೂ ಹೇಳಲಿಲ್ಲವಂತೆ. ಮರುದಿನದಿಂದ ಅದೇ ಗಿಡದ ಆಚೆ ಬದಿಗೆ ನಿಂತು, ತಾವೂ ಕುಯ್ಯುತ್ತಾ, ಮೆಲ್ಲಗೆ "ಇದು. ಇದು. ಅದು ಬೇಡ" ಎನ್ನುತ್ತಿದ್ದರಂತೆ. ಗಂಡ ಹೆಂಡತಿ ಒಂದೇ ಗಿಡಕ್ಕೆ ಅಂಟಿಕೊಂಡಿರುವುದನ್ನು ಕಂಡು ಆಳುಗಳು ಮುಸಿಮುಸಿ ನಗುತ್ತಿದ್ದರಂತೆ. ಈಗಲೂ ಮನೆ ಹತ್ತಿರದ ಗಿಡಗಳನ್ನು ಅವರಿಬ್ಬರೂ ಹಾಗೆಯೇ ಕುಯ್ಯುತ್ತಾರೆ. ಇದನ್ನು ನನಗೆ ಹೇಳಿದ್ದು ಅಪ್ಪ. ಅಪ್ಪನಿಗೆ ಯಾವ ಕತೆಯನ್ನಾದರೂ ಸ್ವಲ್ಪ ದುಂಡಗೆ ಮಾಡಿ ಹೇಳುವ ಅಭ್ಯಾಸವಿತ್ತು. ಅಂತೆಗಳನ್ನೆಲ್ಲ ಅದಕ್ಕೇ ಉಳಿಸಿಕೊಂಡಿದ್ದೇನೆ.

ಕುಯ್ಲು ಮುಗಿಯುತ್ತಾ ಬಂದಿತ್ತು. ಮಾವ ಕಣದಲ್ಲಿ ಒಣಗುತ್ತಿದ್ದ ಕಾಫಿ ತಿರುವಿ, ಕೈ ತೊಳೆದು, ತಿಂಡಿಗೆ ಬಂದು ಕೂತರು. ನಾನೂ ಕೂತಿದ್ದೆ, ಪೇಂಟರೂ ಕೂತಿದ್ದರು. ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ಮಾವನ ತಟ್ಟೆಗೆ ಹಾಕಿ, ಬೊಬ್ಬೆ ಒಣಗಿದ ಕೈಯಲ್ಲಿ ಗೋಡೆ ತೋರಿಸಿದರು.

"ರೀ, ನಿಮಗೆ ಇದ್ರಾಗೆ ಯಾವ್ದು ಕಾಣ್ತೈತೆ?"

ಮಾವ ತಲೆ ಎತ್ತಲಿಲ್ಲ. "ನನ್ನ ಯಾಕೆ ಕೇಳ್ತೀಯಾ. ಎಲ್ಲ ಒಂದೇ ಥರ ಐತೆ."

"ನೋಡ್ರೀ ಸುಮ್ನೆ. ಚೆನ್ನಾಗೈತೆ ಅಂತ ಹೇಳ್ಬೇಡಿ. ಕಾಣ್ತೈತಾ ಹೇಳಿ."

ಮಾವ ಎದ್ದರು. ರೊಟ್ಟಿ ಹರಿದು ಬಾಯಿಗಿಟ್ಟುಕೊಂಡು ಗೋಡೆಯುದ್ದಕ್ಕೂ ನಡೆದರು. ಕಿಟಕಿಯ ಕೆಳಗೆ, ಬೇರೆ ಯಾರದೋ ಮನೆಯಲ್ಲಿ ಉಳಿದಿದ್ದ ಬಣ್ಣವನ್ನು ಪೇಂಟರ್ ಬ್ರಷ್ ಒರೆಸಲು ಬಳಿದಿದ್ದ ಒಂದು ಗುರುತಿತ್ತು. ಅದು ಮಾದರಿಗಳ ಲೆಕ್ಕಕ್ಕೇ ಸೇರಿರಲಿಲ್ಲ. ಮಾವ ಅಲ್ಲಿ ನಿಂತರು.

"ಇದು ನೀಲಿ" ಎಂದರು. "ಇದ್ರಲ್ಲಿ ಅನುಮಾನ ಇಲ್ಲ. ಮಿಕ್ಕಿದ್ದೆಲ್ಲ ನೀನು ಹೇಳ್ದಂಗೆ."

ಅತ್ತೆ ಹೊಸ ಕಣ್ಣು ಮುಚ್ಚಿ ಹಳೆಯದರಲ್ಲಿ ಅದನ್ನು ನೋಡಿದರು. "ಬೂದಿ ಇದ್ದಂಗೈತೆ" ಎಂದರು. ಹಳದಿಗಟ್ಟಿದ ಪೊರೆ ದಾಟಿ ಹಳೆ ಕಣ್ಣಿಗೆ ನೀಲಿ ತಲುಪುತ್ತಲೇ ಇರಲಿಲ್ಲ. ಆಮೇಲೆ ಹೊಸ ಕಣ್ಣು ತೆರೆದು ನೋಡಿದರು. ಮಾವನ ಕಡೆಗೊಮ್ಮೆ ತಿರುಗಿದರು. ಅವರದೇ ಕಾನೂನಿನ ಪ್ರಕಾರ ಆ ಬಣ್ಣ ಅಲ್ಲಿಗೆ ಬಿದ್ದುಹೋಗಬೇಕಿತ್ತು. ಎರಡು ಕಣ್ಣೂ ಒಪ್ಪಿರಲಿಲ್ಲ.

"ಇದನ್ನೇ ಬಳೀರಪ್ಪ" ಎಂದು ಪೇಂಟರಿಗೆ ಹೇಳಿದರು.

"ಅಮ್ಮಾ, ಅದು ಬ್ರಷ್ ಒರೆಸಿದ್ದು."

"ಒರೆಸಿದ್ದೇ ಬಳೀರಿ. ಗೋಡೆ ಪೂರ್ತಿ." ನನ್ನ ಕಡೆ ತಿರುಗಿದರು. "ನೀನು ಅವ್ಳಿಗೆ ಫೋನ್ ಮಾಡೋ. ಡಾಕ್ಟರ ಹತ್ರ ಡೇಟ್ ತಗಳ್ಳಿ ಅನ್ನು. ಈ ಕಣ್ಣಿಗೆ ಇದು ಕಾಣ್ತಾ ಇಲ್ಲ."

ಮಾವ ಮತ್ತೆ ಕೂತು ರೊಟ್ಟಿ ಮುಗಿಸಿದರು. ಪೇಂಟರ್ ಅಂದು ಯಾಕೋ ಎರಡನೇ ರೊಟ್ಟಿ ಬೇಡ ಎಂದರು.

ಎರಡನೆಯ ಆಪರೇಷನ್ ಆಯಿತು. ಪೊರೆ ಗಟ್ಟಿಯಾಗಿ ಡಾಕ್ಟರಿಗೆ ಹೊತ್ತು ಹಿಡಿಯಿತಂತೆ, ಆದರೆ ಕಣ್ಣು ಉಳಿಯಿತು. ಬೆಣ್ಣೆ ಬಣ್ಣಕ್ಕೆ ಈಗ ಸಾಕ್ಷಿ ಯಾರೂ ಇಲ್ಲ. ಅದರ ಬಗ್ಗೆ ಅತ್ತೆ ಮತ್ತೆ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ನೀಲಿಯನ್ನೇ ಯಾಕೆ ಆರಿಸಿದಿರಿ ಎಂದು ಒಮ್ಮೆ ಕೇಳಿದೆ. "ಒಲೆ ಮುಂದೆ ಕಣ್ಣಿಗೆ ತಂಪು ಕಣೋ" ಎಂದರು. ಅದೇ ನಿಜವಾದ ಕಾರಣ ಇದ್ದರೂ ಇರಬಹುದು. ಬೂದಿ ಕಂಡ ಕಣ್ಣಿನ ಮೇಲೆ ಆ ಕ್ಷಣಕ್ಕೆ ಬೇಸರ ಬಂದಿರಬಹುದು, ಸುಟ್ಟ ಕೈ ನೆನಪಾಗಿರಬಹುದು. ನಾನು ಬೇರೆ ಕಾರಣ ಕಟ್ಟಿಕೊಂಡಿದ್ದೇನೆ. ಅಪ್ಪನ ಮಗ ತಾನೇ, ಕತೆಯನ್ನು ದುಂಡಗೆ ಮಾಡುವ ಆಸೆ ನನಗೂ ಇರುತ್ತದೆ.

ಈಚೆಗೆ ಹೋಗಿದ್ದಾಗ ಮಾವ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಅತ್ತೆ ಕಾಫಿ ಸೋಸುತ್ತಿದ್ದರು, ಒಂದು ಹನಿಯೂ ಆಚೆ ಬೀಳಲಿಲ್ಲ. ಲೋಟ ಕೊಡುವಾಗ ಗೋಡೆಯ ಕಡೆ ಗಲ್ಲ ತೋರಿಸಿ, "ಏನಿದು?" ಎಂದರು.

"ನೀಲಿ" ಎಂದರು ಮಾವ.

"ಹೂಂ. ನಂಗೂ ನೀಲಿನೇ."

ಅಷ್ಟೇ. ಇಬ್ಬರೂ ಕಾಫಿ ಕುಡಿದರು. ಅದು ನಾನಿದ್ದೇನೆಂದು ಆಡಿದ ಮಾತೋ, ಅಥವಾ ಯಾರೂ ಇಲ್ಲದಾಗಲೂ ದಿನವೂ ಹೀಗೆ ಕೇಳಿ ಹೇಳಿಕೊಳ್ಳುತ್ತಾರೋ, ನನಗೆ ಗೊತ್ತಿಲ್ಲ.