ಹತ್ತಬಾರದ ದೀಪ

ನನ್ನ ಮೊಮ್ಮಗಳಷ್ಟು ಓದಿದವರು ನಮ್ಮ ಕುರಿಗಾರರ ಮನೆತನದಲ್ಲಿ ಯಾರೂ ಇಲ್ಲ. ಅವಳಷ್ಟು ತಿಕ್ಕಲೂ ಯಾರೂ ಇಲ್ಲ!

ಅನ್ನ ಕುದಿಯುವಾಗ ಮುಚ್ಚಳ ಮುಟ್ಟಲು ಬಿಡುವುದಿಲ್ಲ. “ಹೊರಗಿಂದನ ತಿಳ್ಕೋಬೇಕ, ಆಯಿ!” ಎನ್ನುತ್ತಾಳೆ. ಸ್ಟೀಲಿನ ಪಾತ್ರೆಯೊಳಗಿನದು ಹೊರಗಿನಿಂದ ಕಾಣುತ್ತದೆಯೇ, ನೀವೇ ಹೇಳಿ? ಒಮ್ಮೆ ಅನ್ನ ಸೀದು ನಮ್ಮೂರು ಮೇಲವಂಕಿಯ ಅರ್ಧ ಓಣಿಗೆ ವಾಸನೆ ಹೋಯಿತು. “ನೋಡ, ಹೊರಗಿಂದನ ಗೊತ್ತಾತಲ್ಲ!” ಎಂದಳು.

ಉಪ್ಪಿನಕಾಯಿ ಜಾಡಿ, ಖಾರದಪುಡಿ ಡಬ್ಬಿ, ಎಲ್ಲದಕ್ಕೂ ಹೆಸರು ಬರೆದು ಚೀಟಿ ಅಂಟಿಸುತ್ತಾಳೆ. ಸುಮ್ಮನೆ ಕೂತರೆ ನನಗೂ ಒಂದು ಅಂಟಿಸಿಯಾಳು!

ಗೋಕಾಕದಲ್ಲಿ ದನಕುರಿಗಳ ರೋಗ ಪತ್ತೆಹಚ್ಚುವ ಲ್ಯಾಬಿನಲ್ಲಿ ಅವಳ ನೌಕರಿ. ಈ ಸಲ ಹಿಂಡು ಹುಕ್ಕೇರಿ ಕಡೆ ಮೇಯ್ದು ಬಂದ ಮೇಲೆ ನಮ್ಮ ಎರಡು ಕುರಿ ದಿನ ತುಂಬುವ ಮೊದಲೇ ಕಂದು ಹಾಕಿದವು. ಅಂಟುರೋಗವೇ ಆಗಿದ್ದರೆ ಹಿಂಡೇ ಹೋದಂತೆ. ಉಳಿದ ಗಬ್ಬದ ಕುರಿಗಳನ್ನು ನೋಡುತ್ತ ನಮ್ಮ ಯಜಮಾನರು ರೊಟ್ಟಿ ಮುಟ್ಟಲಿಲ್ಲ. ಮೊಮ್ಮಗಳು ಓಡಿಬಂದು, ಕೈಗವಸು ಹಾಕಿ, ಮಾದರಿ ತೆಗೆದಳು.

“ಇದರಾಗ ಏನ ನೋಡ್ತಿ?”

“ರೋಗಾಣುವಿನ ಡಿಎನ್‌ಎ ಐತೇನಂತ, ಆಯಿ. ಇದ್ರ ಮಷೀನಿನ್ಯಾಗ ಒಂದು ಎರಡಾಗತೈತಿ, ಎರಡು ನಾಕ, ನಾಕು ಎಂಟ.”

“ನಮ್ಮ ಕುರಿ ಯಾವತ್ತರ ಹಿಂಗ ಈದಾವೇನ!”

“ಕೇಳಿಲ್ಲೆ. ಪ್ರೋಬ್ ಅಂತ ಸಣ್ಣ ತುಣುಕು ಹಾಕ್ತೇವಿ. ಅದಕೊಂದು ದೀಪ, ದೀಪಕ್ಕೊಂದು ಮುಸುಕು. ಆ ಡಿಎನ್‌ಎ ಸಿಕ್ರ ಅಂಟಕೋತೈತಿ. ನಕಲು ಆಗೂಮುಂದ ಮುಸುಕು ಕಳಚಿ ದೀಪ ಹತ್ತತೈತಿ. ನಕಲು ಹೆಚ್ಚಾದಂಗ ಬೆಳಕೂ ಹೆಚ್ಚು. ಮುಚ್ಚಳ ತೆಗಿಯೂದ ಬ್ಯಾಡ!”

“ಹುಟ್ಟಿದ ಮರಿಗೆಲ್ಲ ಗಂಟಿ ಕಟ್ಟಿ, ಹಟ್ಟಿ ಹೊರಗ ನಿಂತು ಸಪ್ಪಳ ಕೇಳಿದಂಗ!”

“ಹಂಗ ನೋಡ!”

ದೀಪ ಎಂದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಬೀರದೇವರ ಮುಂದೆ ತುಪ್ಪದ ದೀಪ ಹಚ್ಚಿ, ನಮ್ಮ ಕುರಿಗಳ ದೀಪ ಭರ್ಜರಿಯಾಗಿ ಹತ್ತಲಿ ಎಂದು ಬೇಡಿಕೊಂಡೆ. ಮೂಡಲಗಿಯ ಬೀಗರಿಗೂ ಫೋನು ಮಾಡಿ ಹಚ್ಚಿಸಿದೆ!

ಮರುದಿನ ಮೊಮ್ಮಗಳ ಫೋನು. “ಆಯಿ, ನಮ್ಮ ಕುರಿದು ಒಂದೂ ಹತ್ತಲಿಲ್ಲ!”

ನಾನು ಗೋಳೋ ಎಂದು ಅತ್ತೆ.

“ಯಾಕ ಅಳ್ತಿ ಬೇ? ಹತ್ತಬಾರದ! ಹತ್ತಿದ್ರ ರೋಗ ಐತಂತ. ನಮ್ಮ ಹಿಂಡಿಗೆ ಆ ರೋಗ ಇಲ್ಲ!”

ಯಜಮಾನರು ಒಂದೇ ಉಸಿರಿಗೆ ನಾಲ್ಕು ರೊಟ್ಟಿ ಮುಗಿಸಿದರು. ನಾನು ಮಾತ್ರ ಬೀರದೇವರ ಮುಂದೆ ಓಡಿ ಕೆನ್ನೆ ಬಡಿದುಕೊಂಡೆ. ದೇವರು ನನ್ನ ಮಾತು ಕೇಳಿಬಿಟ್ಟಿದ್ದರೆ! ಮತ್ತೆ ಫೋನು ಮಾಡಿ ಮೊಮ್ಮಗಳ ಹತ್ತಿರ ತಪ್ಪೊಪ್ಪಿಕೊಂಡೆ. ಬಿದ್ದು ಬಿದ್ದು ನಕ್ಕು, ಆಮೇಲೆ ಮೆಲ್ಲಗೆ ಹೇಳಿದಳು: “ನಿನ್ನ ದೀಪ ಸುಳ್ಳಾಗಿಲ್ಲ, ಆಯಿ. ಒಂದು ಕೊಳವ್ಯಾಗ ನಾವ ಬೇಕಂತ ಆ ಡಿಎನ್‌ಎ ಹಾಕಿರ್ತೇವಿ. ಅದು ಹತ್ತಲೇಬೇಕು. ಅದು ಹತ್ತಿದ್ರನ ಉಳದದ್ದೆಲ್ಲಾ ಖರೆ. ಎಷ್ಟ ಛಲೋ ಹತ್ತೇತಿ ಗೊತ್ತೇನ!”

ರವಿವಾರ ಬಂದವಳು, ಮಷೀನು ಬೆಳಕು ಅಳೆದು ಗೆರೆ ಎಳೆದ ಒಂದು ಕಾಗದ ಕೈಗಿಟ್ಟಳು. ಕೆಳಗೆ ನಮ್ಮ ಕುರಿಗಳ ಗೆರೆಗಳೆಲ್ಲ ಮಲಗಿದ್ದವು. ಒಂದೇ ಒಂದು ಗೆರೆ, ಹತ್ತಲೇಬೇಕಾದ ಆ ಕೊಳವೆಯದು, ಗುಡ್ಡ ಏರಿದಂತೆ ಮೇಲೇರಿತ್ತು. ಅದರ ಪಕ್ಕ ಅವಳದೇ ಕೈಯ ಒಂದು ಚೀಟಿ. ನಾನು ಸಾಲಿ ಕಲಿತದ್ದು ಕಡಿಮೆ ಎಂದು ದೊಡ್ಡದಾಗಿ, ಬಿಡಿಸಿ ಬರೆದಿದ್ದಳು: ಆಯಿ.

ಎರಡೇ ಅಕ್ಷರ. ಕನ್ನಡಕ ಎಷ್ಟು ಒರೆಸಿದರೂ ಓದಲು ಬಹಳ ಹೊತ್ತು ಹಿಡಿಯಿತು.